ಹಣೆಗೇರಿದ ಕನ್ನಡಕ

ಅವರು ಹೋಗಿಬಿಟ್ಟರು ಎಂದು ಹಳೆಯ ಆಫೀಸಿನ ಶೆಟ್ಟರು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ನಿಮಗೆ ಯಾರು ಹೇಳಿದ್ದು?"

"ಅವರ ಅಣ್ಣನ ಮಗನೇ ಹೇಳಿದ್ದು ಮಾರಾಯ್ರೆ. ಸತ್ತದ್ದಕ್ಕೂ ಸಾಕ್ಷಿ ಬೇಕಾ ನಿಮಗೆ?"

ಬೇಕು. ನನ್ನ ಸ್ವಭಾವವೇ ಹಾಗೆ. ಹಾಲು ಕೊಟ್ಟರೆ ಮೊದಲು ನೀರೆಷ್ಟು ಬೆರೆತಿದೆ ಎಂದು ನೋಡುವ ಜಾತಿ ಇವನು ಎಂದು ನನ್ನ ಅಮ್ಮ ಮೈಸೂರಿನಲ್ಲಿ ನೆಂಟರ ಎದುರಿಗೇ ಹೇಳುತ್ತಿದ್ದಳು. ಈ ಸ್ವಭಾವದಿಂದ ನಾನು ಮೋಸ ಹೋದದ್ದು ಕಡಿಮೆ. ಆದರೆ ಒಬ್ಬ ಮನುಷ್ಯನಿಗೆ ಇದರಿಂದ ಆದ ಅನ್ಯಾಯವನ್ನು ಅವರು ಇಲ್ಲವಾದ ಮೇಲೆ ಹೇಳಿಕೊಳ್ಳುತ್ತಿದ್ದೇನೆ. ಇದ್ದಾಗಲೇ ಹೇಳಲು ಒಂದು ಪ್ರಯತ್ನ ಮಾಡಿದ್ದೆ. ಅದು ಅವರಿಗೆ ಮುಟ್ಟಿತೋ ಇಲ್ಲವೋ ಇವತ್ತಿಗೂ ತಿಳಿಯದು. ಅವರ ಹೆಸರು ಬರೆಯುವುದಿಲ್ಲ. ಬರೆದಿದ್ದರೆ "ಸುಮ್ನ ಜಾಗಾ ದಂಡ ಮಾಡೀರಿ" ಎನ್ನುತ್ತಿದ್ದರು.

ಬೊಂಬಾಯಿಯ ಮಲಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಹಡಿಯಲ್ಲಿ ನಮ್ಮ ಆಫೀಸು. ಕಾರ್ಖಾನೆಗಳಿಗೆ ಪಂಪು ಪೈಪುಗಳ ನಕ್ಷೆ ಮಾಡಿಕೊಡುವ ಕಂಪನಿ. ನಾನು ವಡಾಲದಲ್ಲಿ ಒಂದು ಕೋಣೆ ಹಿಡಿದಿದ್ದೆ. ದಿನವೂ ಬಾಂದ್ರಾದಲ್ಲಿ ಲೋಕಲ್ ಬದಲಿಸಿ ಮಲಾಡಿಗೆ ಬಂದು ಬೀಳುತ್ತಿದ್ದೆ. ತೊಂಬತ್ತರ ಆಸುಪಾಸಿನ ಮಾತು. ಆಗ ಊರಿನ ಹೆಚ್ಚಿನ ಆಫೀಸುಗಳಿಗೆ ಇ-ಮೇಲ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ನಮ್ಮಲ್ಲಿ ಮಾತ್ರ ಗಾಜಿನ ಕೋಣೆಯೊಳಗೆ ಬೀರುವಿನಷ್ಟು ದೊಡ್ಡ ಒಂದು ಕಂಪ್ಯೂಟರ್ ಇತ್ತು, ಪ್ರತಿ ವಿಭಾಗದಲ್ಲಿ ಅದಕ್ಕೆ ಜೋಡಿಸಿದ, ಪರದೆ ಕೀಬೋರ್ಡುಗಳ ಒಂದೆರಡು ಟರ್ಮಿನಲ್ ಇದ್ದವು. ಆಫೀಸಿನೊಳಗೆ ಒಬ್ಬರಿಗೊಬ್ಬರು ಪತ್ರ ಬರೆಯಬಹುದಿತ್ತು. ದಿನಕ್ಕೆರಡು ಸಲ ಯಂತ್ರವೇ ಬೆಂಗಳೂರು ಬ್ರಾಂಚಿನ ಯಂತ್ರಕ್ಕೆ ಫೋನು ಹಚ್ಚಿ ಅಲ್ಲಿಯ ಪತ್ರ ತಂದು, ಇಲ್ಲಿಯದನ್ನು ಕಳಿಸುತ್ತಿತ್ತು. ಎಲ್ಲರ ಪತ್ರಗಳೂ ಒಂದೇ ಡಿಸ್ಕಿನ ಮೇಲೆ. ಆ ಡಿಸ್ಕು ಮುದಿಯಾಗಿತ್ತು, ಬೆಳಿಗ್ಗೆ ಶುರುವಾಗುವಾಗ ಗೊರಗೊರ ಎನ್ನುತ್ತಿತ್ತು, ವಾರದ ಕೊನೆಗೆ ತುಂಬಿಹೋಗುತ್ತಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವರೇ ಈಗ ಹೋಗಿಬಿಟ್ಟ ಇವರು. ಗದಗಿನ ಕಡೆಯವರು, ಮದುವೆಯಾಗಿರಲಿಲ್ಲ, ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿ ಅಣ್ಣನ ಸಂಸಾರದ ಜೊತೆ ಇದ್ದರು. ಮೇ ತಿಂಗಳ ಬೆವರಿನಲ್ಲೂ ಕಂದು ಬಣ್ಣದ ಅರ್ಧ ತೋಳಿನ ಸ್ವೆಟರ್ ಹಾಕುತ್ತಿದ್ದರು, ಏಕೆಂದರೆ ಯಂತ್ರದ ಕೋಣೆಗೆ ಏಸಿ ಇತ್ತು. ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮೊದಲು ನಮ್ಮಲ್ಲೇ, ತಂತಿಯಂತೆ ಸುದ್ದಿ ಹೊಡೆದು ಕಳಿಸುವ ಟೆಲೆಕ್ಸ್ ಯಂತ್ರದ ಆಪರೇಟರ್ ಆಗಿದ್ದವರು. ಎಲ್ಲರ ಪತ್ರದ ಜಾಗಕ್ಕೆ ಡಬ್ಬಿ ಎಂಬ ಹೆಸರಿಟ್ಟವರೂ ಅವರೇ. ಗುಜರಾತಿಗಳೂ ಮರಾಠಿಗರೂ "ಮೇರೀ ಡಬ್ಬಿ" ಎಂದೇ ಹೇಳುತ್ತಿದ್ದರು.

ಶನಿವಾರ ಬೆಳಿಗ್ಗೆ ಅವರು ಒಂದು ಉದ್ದನೆಯ ಪಟ್ಟಿ ಮುದ್ರಿಸಿ, ಸ್ಕೇಲು ಹಿಡಿದು ಹರಿದು, ಮೇಜಿನಿಂದ ಮೇಜಿಗೆ ಬರುತ್ತಿದ್ದರು. ಯಾರ ಡಬ್ಬಿ ಎಷ್ಟು ತುಂಬಿದೆ ಎನ್ನುವ ಪಟ್ಟಿ. ಹಿಂದೆ ಬಂದು ನಿಂತು, "ನಿಮ್ಮ ಡಬ್ಬಿ ಭಾಳ ತುಂಬೇದ್ರಿ. ಓದಿದ್ದು ಅಳಿಸ್ರಿ. ನಿಮ್ಮ ಒಂದು ಪತ್ರ ಕೂತ್ರ ಇನ್ನೊಬ್ಬರದು ನಿಂದ್ರಬೇಕಾಗ್ತದ" ಎನ್ನುತ್ತಿದ್ದರು. ನಾವು ಅಳಿಸುವವರೆಗೆ ಕದಲುತ್ತಿರಲಿಲ್ಲ. ಅಳಿಸಬೇಕೆಂದರೆ ಪತ್ರಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ನೋಡುವಾಗ ಅವರು ನಮ್ಮ ಬೆನ್ನ ಹಿಂದೆಯೇ ಇದ್ದಾರೆ. ನಾವು ಮೊದಲ ಪತ್ರ ತೆರೆದ ಕೂಡಲೇ ಅವರು ತಮ್ಮ ದಪ್ಪ ಗಾಜಿನ ಕನ್ನಡಕವನ್ನು ಎರಡು ಬೆರಳಿನಿಂದ ಹಣೆಗೇರಿಸಿಕೊಳ್ಳುತ್ತಿದ್ದರು.

"ಯಾಕೆ ಹೇಳಿ?" ಎಂದು ಶೆಟ್ಟರು ಒಮ್ಮೆ ಕೇಳಿದರು. ಶೆಟ್ಟರು ಡ್ರಾಯಿಂಗ್ ವಿಭಾಗದವರು, ನನ್ನ ಪಕ್ಕದ ಮೇಜು, ಕುಂದಾಪುರದ ಕಡೆಯವರು. "ಚಾಳೀಸು ಬಂದ ಕಣ್ಣಿಗೆ ಹತ್ತಿರದ್ದು ಮಾತ್ರ ಮಂಜು. ಕನ್ನಡಕ ತೆಗೆದರೆ ದೂರದ್ದು ಚೊಕ್ಕ ಕಾಣ್ತದೆ ಮಾರಾಯ್ರೆ. ಅವರು ನಿಲ್ಲುವ ದೂರ ನೋಡಿ ನೀವು."

ನೋಡಿದೆ. ಸರಿ ಎನ್ನಿಸಿತು. ನನಗೆ ಇಂಥ ಮಾತು ಸರಿ ಎನ್ನಿಸಲು ತಡವಾಗುವುದಿಲ್ಲ.

ನಾನು ನೇರವಾಗಿಯೇ ಕೇಳಿದ್ದೆ, "ನೀವು ನಮ್ಮ ಪತ್ರ ಓದಬಹುದಲ್ವಾ ಸಾರ್? ನಿಮ್ಮ ಪಾಸ್‌ವರ್ಡಿಗೆ ಎಲ್ಲಾ ಡಬ್ಬೀನೂ ತೆಗೆಯುತ್ತಂತೆ."

"ತೆಗೀತದ್ರಿ" ಎಂದರು ಸಲೀಸಾಗಿ. "ಟೆಲೆಕ್ಸಿನ್ಯಾಗ ಹದಿನಾಕು ವರ್ಷ ಕೂತೇನಿ. ಸಾಹೇಬರದು, ಬ್ಯಾಂಕಿನದು, ಯಾರ್ಯಾರದೋ ಮನಿ ಸಾವಿನ ಸುದ್ದಿ, ಎಲ್ಲಾ ಈ ಬೆರಳಾಗ ಹಾದು ಹೋಗ್ಯಾವ. ಬೆರಳು ಓದತಾವ್ರಿ, ನಾ ಓದಂಗಿಲ್ಲ."

ಇಷ್ಟು ತಯಾರಾದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ನಂಬದಿರಲು ಕಾರಣವೂ ಸಿಕ್ಕಿತು. ಒಂದು ದಿನ ಅವರು ಶೆಟ್ಟರ ಹತ್ತಿರ ಬಂದು ದನಿ ತಗ್ಗಿಸಿ, "ಮ್ಯಾಲಿನ ಮಂದಿ ಕೂಡ ಜಗಳಾ ಆತೇನ್ರಿ?" ಎಂದು ಕೇಳಿದರು. ಶೆಟ್ಟರ ಮುಖ ಸುಣ್ಣದಂತಾಯಿತು. ಮೇಲಿನ ಮಹಡಿಯ ಅಕೌಂಟ್ಸಿನಲ್ಲಿದ್ದ ಒಬ್ಬ ಹುಡುಗಿಗೂ ಶೆಟ್ಟರಿಗೂ ಮೂರು ತಿಂಗಳಿಂದ ಪತ್ರ ನಡೆಯುತ್ತಿದ್ದದ್ದು, ನಾಲ್ಕು ದಿನದ ಹಿಂದೆ ಮನಸ್ತಾಪವಾಗಿ ನಿಂತದ್ದು ನನಗೇ ಗೊತ್ತಿರಲಿಲ್ಲ. "ನನಗೇನ್ ಗೊತ್ರಿ ಏನ್ ಬರೀತೀರಂತ. ಲಾಗಿನ್ಯಾಗ ದಿನಾ ಇಪ್ಪತ್ತು ಸಲ ಇಬ್ಬರ ಹೆಸರು ಬರ್ತಿತ್ತು. ನಾಕು ದಿನಾ ಆತು, ಒಂದೂ ಇಲ್ಲ. ಅದಕ್ಕ ಕೇಳಿದೆ" ಎಂದರು ಅವರು. ಯಾರಿಂದ ಯಾರಿಗೆ, ಯಾವಾಗ, ಎಷ್ಟುದ್ದ ಎಂದು ಪತ್ರಕ್ಕೊಂದು ಸಾಲಿನಂತೆ ಯಂತ್ರ ತಾನೇ ಬರೆದಿಡುವುದಕ್ಕೆ ಲಾಗ್ ಎಂದು ಹೆಸರು. ಅವರು ಹೇಳಿದ್ದು ನಿಜವೇ ಇರಬಹುದು. ಶೆಟ್ಟರು ಆ ಸಂಜೆಯೇ ಹೋಗಿ ರಾಜಿಯಾದರು, ಮುಂದೆ ಅವಳನ್ನೇ ಮದುವೆಯೂ ಆದರು. ಆದರೆ ಆಫೀಸಿನ ತುಂಬ ಹಬ್ಬಿದ ಸುದ್ದಿ ಒಂದೇ, ಅವರು ಓದುತ್ತಾರೆ.

ಆಮೇಲೆ ನಾವೆಲ್ಲ ಸೇರಿ ಮಾಡಿದ ಬುದ್ಧಿವಂತಿಕೆ ನೆನೆದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಓದುವವರು ಅಳಿಸಲೂ ಬಹುದು, ಅಳಿಸಿ ಬಂದೇ ಇರಲಿಲ್ಲ ಎನ್ನಲೂ ಬಹುದು. ಆದ್ದರಿಂದ ಪ್ರತಿಯೊಬ್ಬರೂ ಕಳಿಸಿದ ಪ್ರತಿ ಪತ್ರದ ಒಂದು ನಕಲನ್ನು ತಮಗೇ ಕಳಿಸಿಕೊಂಡು ಸಾಕ್ಷಿಗೆ ಇಟ್ಟುಕೊಳ್ಳತೊಡಗಿದೆವು. ಕೆಲವರು ಸ್ನೇಹಿತರ ಡಬ್ಬಿಗೂ ಇನ್ನೊಂದು ನಕಲು ಕಳಿಸುತ್ತಿದ್ದರು. ಈ ಉಪಾಯ ಹೇಳಿಕೊಟ್ಟವನು ನಾನು. ಶನಿವಾರ ತುಂಬುತ್ತಿದ್ದ ಡಿಸ್ಕು ಬುಧವಾರವೇ ತುಂಬತೊಡಗಿತು. ಅವರು ಪಟ್ಟಿ ಹಿಡಿದು ವಾರಕ್ಕೆ ಮೂರು ಸಲ ಬರಬೇಕಾಯಿತು. ಮೂರು ಸಲ ಬರುವುದನ್ನು ಕಂಡು ನಮ್ಮ ಸಂಶಯ ಮೂರು ಪಟ್ಟಾಯಿತು. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುತ್ತಿದ್ದ ಹೆಸರು ನನ್ನದೇ.

ಆ ದಿನಗಳಲ್ಲಿ ನನ್ನದೊಂದು ಗುಟ್ಟಿತ್ತು. ನನ್ನ ಹೆಂಡತಿ ಬೆಂಗಳೂರಿನಲ್ಲಿ ಸ್ಕೂಲ್ ಟೀಚರ್. ಮಗಳಿಗೆ ಒಂದು ವರ್ಷ. ಮೂರು ತಿಂಗಳಿಗೊಮ್ಮೆ ರೈಲು ಹತ್ತಿ ಹೋದರೆ ಆ ಮಗು ನನ್ನನ್ನು ಕಂಡು ಅಳುತ್ತಿತ್ತು, ಸಮಾಧಾನವಾಗುವಷ್ಟರಲ್ಲಿ ನನ್ನ ರಜೆ ಮುಗಿಯುತ್ತಿತ್ತು. ಬೆಂಗಳೂರು ಬ್ರಾಂಚಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆಂದು ತಿಳಿದು, ನಮ್ಮ ಮ್ಯಾನೇಜರಿಗೆ ಹೇಳದೆ ನೇರವಾಗಿ ಅಲ್ಲಿಗೆ ಬರೆದಿದ್ದೆ. ನಮ್ಮ ಸಾಹೇಬರು ಒಬ್ಬರನ್ನು ಬಿಟ್ಟುಕೊಡುವವರಲ್ಲ. ವಿಷಯ ಮೊದಲೇ ಅವರ ಕಿವಿಗೆ ಬಿದ್ದರೆ ಬೆಂಗಳೂರು ಹೋಗಲಿ, ಇದ್ದ ಮೇಜಿಗೂ ಸಂಚಕಾರ. ಅಲ್ಲಿಂದ ಉತ್ತರ ಬಂದ ಮೇಲೆ ಸಾಹೇಬರ ಹತ್ತಿರ ಹೋಗುವುದು ನನ್ನ ಲೆಕ್ಕಾಚಾರ. ಉತ್ತರ ಬರಬೇಕಾದದ್ದು ಅದೇ ಡಬ್ಬಿಗೆ, ಅವರ ಕೈಕೆಳಗಿನ ಡಬ್ಬಿಗೆ.

ಅದೇ ವಾರ ಭಾನುವಾರ ನಾನು ಊಟಕ್ಕೆಂದು ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಹೋಗಿದ್ದೆ. ಮೂಲೆಯ ಮೇಜಿನಲ್ಲಿ ಅವರು ಕೂತಿದ್ದರು. ಎದುರಿಗೆ ನಮ್ಮ ಸಾಹೇಬರ ಸ್ಟೆನೊ ಜೋಶಿ ಬಾಯಿ. ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟರು, ಆಕೆ ಅದನ್ನು ಪರ್ಸಿನೊಳಗೆ ಹಾಕಿಕೊಂಡಳು. ನನ್ನನ್ನು ಕಂಡ ಕೂಡಲೇ ಅವರ ಎರಡು ಬೆರಳು ಕನ್ನಡಕಕ್ಕೆ ಹೋಯಿತು. ಕನ್ನಡಕ ಹಣೆಗೇರಿತು. ನಾನು ಅನ್ನಕ್ಕೆ ಸಾರು ಕಲಸಿದ್ದನ್ನು ಹಾಗೆಯೇ ಬಿಟ್ಟು ಎದ್ದು ಬಂದೆ.

ಗುರುವಾರ ಅವರು ನನ್ನ ಮೇಜಿಗೆ ಬಂದರು. ಕೈಯಲ್ಲಿ ಪಟ್ಟಿ ಇರಲಿಲ್ಲ. ಕನ್ನಡಕ ಮೊದಲೇ ಹಣೆಯ ಮೇಲಿತ್ತು.

"ಬೆಂಗಳೂರಿಂದ ನಿಮಗೊಂದು ಪತ್ರ ಬಂದಿತ್ರಿ. ಡಿಸ್ಕಿನ್ಯಾಗ ಜಾಗಾ ಇಲ್ದಕ್ಕ ಒಳಗ ಬೀಳಲಿಲ್ಲ. ಲಾಗಿನ್ಯಾಗ ಹೆಸರಷ್ಟ ಅದ. ಫೋನ್ ಮಾಡಿ ಇನ್ನೊಮ್ಮೆ ಕಳಿಸಂತ ಹೇಳ್ರಿ."

ನಾನು ಕಾಯುತ್ತಿದ್ದ ಉತ್ತರ ಅದೇ. ಆದರೆ ತಲೆ ಹೇಳಿದ್ದು ಬೇರೆ. ಪತ್ರ ಓದಿಯಾಗಿದೆ, ಈಗ ನನ್ನ ಬಾಯಿಂದಲೇ ಹೌದು ಎನ್ನಿಸಲು ಬಂದಿದ್ದಾರೆ, ಸಂಜೆಗೆ ಜೋಶಿ ಬಾಯಿಯ ಮೂಲಕ ಸಾಹೇಬರಿಗೆ ಮುಟ್ಟುತ್ತದೆ ಎಂದಿತು.

"ಬೆಂಗಳೂರಿಂದ ಯಾವ ಪತ್ರ ಸಾರ್? ನಾನು ಯಾರ ಪತ್ರಾನೂ ಕಾಯ್ತಾ ಇಲ್ಲ."

"ಬಂದಿದ್ದು ಖರೇ ಅದ್ರಿ."

"ಬೇರೆ ಯಾರಿಗೋ ಇರಬೇಕು. ನೋಡಿ."

ಅವರು "ಆಗ್ಲಿ ಬಿಡ್ರಿ" ಎಂದು ಹೋದರು.

ನಾನು ಫೋನು ಮಾಡಲಿಲ್ಲ. ಎರಡು ವಾರ ಕಾದೆ. ಮೂರನೆಯ ವಾರ ವಡಾಲದ ನನ್ನ ಕೋಣೆಗೆ ಅಂಚೆಯಲ್ಲಿ ಬ್ರಾಂಚಿನ ಕಾಗದ ಬಂತು. ಒಂದು ವಾರದೊಳಗೆ ಒಪ್ಪಿಗೆ ತಿಳಿಸಿ ಎಂದು ಮೇಲ್ ಕಳಿಸಿದ್ದೆವು, ತಮ್ಮಿಂದ ಉತ್ತರ ಬಾರದ್ದರಿಂದ ಆ ಜಾಗ ಬೇರೆಯವರಿಗೆ ಕೊಡಲಾಗಿದೆ ಎಂದಿತ್ತು. ಸ್ಟೇಷನ್ನಿನ ಹತ್ತಿರದ ಬೂತಿನಿಂದ ಹೆಂಡತಿಗೆ ಫೋನು ಮಾಡಿದೆ. ಅವಳು "ಊಟ ಆಯ್ತಾ?" ಎಂದಷ್ಟೇ ಕೇಳಿದಳು. ಬೂತಿನಲ್ಲೇ ನಿಂತು ಅತ್ತೆ, ಅತ್ತದ್ದಕ್ಕಿಂತ ಹೆಚ್ಚು ಸಿಟ್ಟಾದೆ.

ಮರುದಿನವೇ ಸಾಹೇಬರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಬೆಂಗಳೂರಿನ ವಿಷಯ ಎತ್ತಲಿಲ್ಲ. ಇವರು ಎಲ್ಲರ ಖಾಸಗಿ ಪತ್ರ ಓದುತ್ತಾರೆ, ಪತ್ರಗಳು ಮಾಯವಾಗುತ್ತಿವೆ ಎಂದು ಬರೆದು, ಕೆಳಗೆ ಹನ್ನೊಂದು ಜನರ ಸಹಿ ಹಾಕಿಸಿದೆ. ಶೆಟ್ಟರೂ ಸಹಿ ಮಾಡಿದರು. ಸಾಹೇಬರು ವಿಚಾರಣೆ ಮಾಡುವವರಲ್ಲ. ಶನಿವಾರ ಗಾಜಿನ ಕೋಣೆಯ ಬೀಗದ ಕೈಯನ್ನೂ ಪಾಸ್‌ವರ್ಡನ್ನೂ ಅವರಿಂದ ಇಸಿದುಕೊಂಡು ನನಗೆ ಕೊಟ್ಟರು, ಕಂಪ್ಯೂಟರ್ ಕೋರ್ಸ್ ಮಾಡಿದವನು ನಾನೊಬ್ಬನೇ ಎಂಬ ಕಾರಣಕ್ಕೆ. ಅವರನ್ನು ಕೆಳಗಿನ ಮಹಡಿಯ ಡೆಸ್ಪ್ಯಾಚಿಗೆ, ಲಕೋಟೆಗೆ ಅಂಟು ಹಚ್ಚುವ ಕೆಲಸಕ್ಕೆ ಹಾಕಿದರು.

ಬೀಗದ ಕೈ ಒಪ್ಪಿಸುವಾಗ ನನ್ನ ಟರ್ಮಿನಲ್ಲಿನಲ್ಲಿ ಯಾವುದೋ ಪತ್ರ ತೆರೆದಿತ್ತು. ಅವರು ಅಭ್ಯಾಸದಂತೆ ಕನ್ನಡಕ ಹಣೆಗೇರಿಸಿಕೊಂಡೇ ಸಹಿ ಮಾಡಲು ಬಗ್ಗಿದರು. ಪೆನ್ನು ಗೆರೆಯನ್ನು ಬಿಟ್ಟು, ಕಾಗದವನ್ನೂ ಬಿಟ್ಟು, ಮೇಜಿನ ಸನ್‌ಮೈಕಾದ ಮೇಲೆ ಸಹಿ ಹಾಕಿತು. ಸಾಹೇಬರು ನಕ್ಕರು. ನಾನು ನಾಟಕ ಎಂದುಕೊಂಡೆ.

ಶನಿವಾರ ಅರ್ಧ ದಿನ. ಎಲ್ಲರೂ ಹೋದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ, ಆ ಪಾಸ್‌ವರ್ಡಿನಿಂದ ನಾನು ಮಾಡಿದ ಮೊದಲ ಕೆಲಸ ಅವರ ಡಬ್ಬಿ ತೆರೆದದ್ದು. ಅವರು ಸಾಹೇಬರಿಗೆ ಚಾಡಿ ಹೇಳಿದ್ದಕ್ಕೆ ಪುರಾವೆ ಅಲ್ಲಿ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ.

ಒಳಗೆ ಇದ್ದದ್ದು ಐದೇ ಪತ್ರ. ಎರಡು ಸಾಹೇಬರಿಗೆ ಬರೆದದ್ದು, ಡಿಸ್ಕು ಸಾಯಲು ಬಂದಿದೆ, ಪತ್ರಗಳು ಕಳೆದುಹೋಗುತ್ತಿವೆ, ಇನ್ನೊಂದು ಕೊಡಿಸಿ ಎಂದು. ಮೂರನೆಯದು ಜೋಶಿ ಬಾಯಿಗೆ. ಸಾಹೇಬರು ಮೇಲ್ ಓದುವುದಿಲ್ಲ, ಕಾಗದವಾದರೆ ನೋಡಿಯಾರು, ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಡಿಸ್ಕೊಂದು ಸಿಗುತ್ತದೆ, ಭಾನುವಾರ ನೀವು ಗ್ರಾಂಟ್ ರೋಡಿಗೆ ಬಂದಾಗ ಅದರ ಕೊಟೇಶನ್ ಕೈಯಲ್ಲೇ ಕೊಡುತ್ತೇನೆ ಎಂದು.

ನಾಲ್ಕನೆಯದು ಬೆಂಗಳೂರಿನ ಯಂತ್ರ ನೋಡಿಕೊಳ್ಳುವವರಿಗೆ, ನನ್ನ ಮೇಜಿಗೆ ಬಂದಿದ್ದ ಅದೇ ಗುರುವಾರ ಬರೆದದ್ದು. ಅದರಲ್ಲಿ ನನ್ನ ಹೆಸರಿತ್ತು. ಅವರ ತುಂಡು ತುಂಡು ಟೆಲೆಕ್ಸ್ ಇಂಗ್ಲಿಷಿನಲ್ಲಿ ಇದ್ದದ್ದರ ಸಾರಾಂಶ ಇಷ್ಟು: "ನಿಮ್ಮಲ್ಲಿಂದ ಇವರಿಗೆ ಬಂದ ಪತ್ರ ನಮ್ಮಲ್ಲಿ ಬೀಳಲಿಲ್ಲ. ಅದರಲ್ಲಿ ಏನಿತ್ತೋ ನನಗೆ ತಿಳಿಯದು. ಇವರನ್ನು ಕೇಳಿದೆ, ಯಾವ ಪತ್ರವನ್ನೂ ಕಾಯುತ್ತಿಲ್ಲ ಎಂದರು. ದನಿ ಕೇಳಿದರೆ ಕಾಯುತ್ತಿದ್ದಾರೆ ಅನ್ನಿಸುತ್ತದೆ. ದಯವಿಟ್ಟು ಬರೆದವರಿಗೆ ಹೇಳಿ ಮತ್ತೆ ಕಳಿಸಿರಿ. ತಪ್ಪು ನಮ್ಮ ಡಿಸ್ಕಿನದು, ಇವರದಲ್ಲ." ಐದನೆಯದು ಅದಕ್ಕೆ ಬಂದ ಉತ್ತರ. ಬರೆದವರು ಟೂರಿನಲ್ಲಿದ್ದಾರೆ, ಬಂದ ಮೇಲೆ ತಿಳಿಸುತ್ತೇನೆ ಎಂದು.

ದನಿ ಕೇಳಿದರೆ ಎಂದು ಬರೆದಿದ್ದರು, ಮುಖ ನೋಡಿದರೆ ಎಂದಲ್ಲ. ಮೇಜಿನ ಮೇಲೆ ಬಿದ್ದ ಸಹಿ ನಾಟಕವಾಗಿರಲಿಲ್ಲ. ಆ ಮನುಷ್ಯನಿಗೆ ಕನ್ನಡಕವಿಲ್ಲದೆ ದೂರದ್ದೂ ಕಾಣುವುದಿಲ್ಲ, ಹತ್ತಿರದ್ದೂ ಕಾಣುವುದಿಲ್ಲ. ಹೋಟೆಲಿನಲ್ಲಿ ನಾನು ಯಾರ ಜೊತೆ ಬಂದಿದ್ದೇನೋ ಏನೋ, ತನಗೆ ಕಾಣಬಾರದು ಎಂದು ಅಲ್ಲಿಯೂ ಅದನ್ನು ಏರಿಸಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ನಾನು ಕೂತಲ್ಲೇ ಹೆಗಲು ಮುಟ್ಟಿ ನೋಡಿಕೊಂಡೆ. ಆ ಆಫೀಸಿನಲ್ಲಿ ಇನ್ನೊಬ್ಬರ ಡಬ್ಬಿ ತೆರೆದು ಪತ್ರ ಓದಿದ ಮನುಷ್ಯ ಒಬ್ಬನೇ. ಅದು ನಾನು.

ಆ ಯಂತ್ರದ್ದೊಂದು ಗುಣ ನನಗೆ ಆಗ ಗೊತ್ತಿರಲಿಲ್ಲ. ಯಾರ ಹೆಸರು ಹೊಡೆದು ಕೇಳಿದರೂ ಅವರ ಡಬ್ಬಿ ಕೊನೆಯ ಸಲ ತೆರೆದದ್ದು ಯಾವಾಗ ಎಂದು ದಿನ, ಗಂಟೆ, ನಿಮಿಷದ ಸಮೇತ ಹೇಳುತ್ತಿತ್ತು. ಯಾರು ತೆರೆದರು ಎಂದು ಹೇಳುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಡೆಸ್ಪ್ಯಾಚಿನಿಂದ ಮೇಲೆ ಬಂದು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. ಚಪ್ಪಲಿ ಬಿಟ್ಟಿದ್ದರು, ಒಳಗೆ ಬರಲಿಲ್ಲ.

"ಶನಿವಾರ ಮೂರು ಗಂಟೆಕ್ಕ ನಾ ಲೋಕಲ್‌ನ್ಯಾಗ ಇದ್ದೆ" ಎಂದರು.

ನಾನು ಕೀಬೋರ್ಡಿನ ಮೇಲಿನ ಧೂಳು ಒರೆಸಿದೆ.

"ಇರ್ಲಿ ಬಿಡ್ರಿ. ಓದಿದ ಮ್ಯಾಲ ಅಳಿಸಬೇಕಿತ್ತು. ಜಾಗಾ ಉಳೀತಿತ್ತು."

ದನಿಯಲ್ಲಿ ಚುಚ್ಚು ಇತ್ತೇ ಎಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಹಗುರವಾಗುತ್ತಿತ್ತು. ಕ್ಷಮಿಸಿ ಎನ್ನಬೇಕಿತ್ತು, ಎನ್ನಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟುಕೊಡುವವರು ಯಾರಿದ್ದಾರೆ, ಇದರ ಹಿಂದೆ ಏನೋ ಇದೆ ಎಂದು ಆಗಲೂ ನನ್ನ ತಲೆ ಹೇಳುತ್ತಿತ್ತು ಎಂದರೆ ನೀವು ನನ್ನನ್ನು ಏನೆನ್ನುತ್ತೀರೋ ಎನ್ನಿ. ಸಾಹೇಬರ ಹತ್ತಿರ ಹೋಗಿ ದೂರು ವಾಪಸು ತೆಗೆದುಕೊಳ್ಳಲೂ ಇಲ್ಲ. ತೆಗೆದುಕೊಂಡರೆ ಅವರ ಡಬ್ಬಿಯಲ್ಲಿ ಕಂಡದ್ದನ್ನು ಹೇಗೆ ಕಂಡೆ ಎಂದು ಹೇಳಬೇಕಾಗುತ್ತಿತ್ತು.

ಮುಂದಿನ ಒಂದೂವರೆ ವರ್ಷ ಶನಿವಾರದ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋದವನು ನಾನು. ನಾನು ಹತ್ತಿರ ಬಂದರೆ ಜನ ಪರದೆಗೆ ಮೈ ಅಡ್ಡ ಮಾಡುತ್ತಿದ್ದರು. ಚಹಾದ ಹೊತ್ತಿನಲ್ಲಿ ನಾನು ಹೋದರೆ ಮಾತು ಕ್ರಿಕೆಟ್ಟಿಗೆ ತಿರುಗುತ್ತಿತ್ತು. ಶೆಟ್ಟರೂ ಒಮ್ಮೆ, "ನೀವು ಓದುದಿಲ್ಲ ಅಂತ ನನಗೆ ಗೊತ್ತುಂಟು, ಆದ್ರೂ ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ" ಎಂದರು. ನನ್ನ ಕಣ್ಣು ಚೆನ್ನಾಗಿತ್ತು, ಹಣೆಗೇರಿಸಲು ನನ್ನ ಹತ್ತಿರ ಕನ್ನಡಕವಿರಲಿಲ್ಲ. ಮಗಳು ಅಷ್ಟರಲ್ಲಿ ಮಾತು ಕಲಿತಿದ್ದಳು. ಅಪ್ಪ ಎಲ್ಲಿ ಎಂದರೆ ಫೋನು ತೋರಿಸುತ್ತಾಳೆ ಎಂದು ಹೆಂಡತಿ ಬರೆದಿದ್ದಳು.

ಬಾಯಲ್ಲಿ ಹೇಳಲಾಗದ್ದನ್ನು ಕೊನೆಗೆ ಪತ್ರದಲ್ಲಿ ಬರೆದೆ. ದೂರು, ಸಹಿಗಳು, ಆ ಶನಿವಾರ, ನಕಲುಗಳ ಉಪಾಯ, ಎಲ್ಲವನ್ನೂ ಬರೆದು, ತಪ್ಪಾಯಿತು ಎಂದು ಬರೆದು ಅವರ ಡಬ್ಬಿಗೆ ಕಳಿಸಿದೆ. ಡೆಸ್ಪ್ಯಾಚಿನಲ್ಲಿ ಒಂದು ಟರ್ಮಿನಲ್ ಇತ್ತು. ಪ್ರತಿ ಶನಿವಾರ ಪಟ್ಟಿಯಲ್ಲಿ ಅವರ ಹೆಸರು ನೋಡುತ್ತಿದ್ದೆ. ತೆರೆಯದ ಪತ್ರ ಒಂದಿದೆ ಎಂದೇ ಯಂತ್ರ ಹೇಳುತ್ತಿತ್ತು. ಏಳು ತಿಂಗಳು ಹಾಗೇ ಇತ್ತು. ತೆರೆದು ನೋಡಿರಿ ಎಂದು ಹೇಳಲು ಎರಡು ಸಲ ಕೆಳಗೆ ಇಳಿದು ಹೋಗಿ, ಅವರು ಲಕೋಟೆಗೆ ಅಂಟು ಹಚ್ಚುವುದನ್ನು ನೋಡಿ ಹಿಂದಿರುಗಿದ್ದೆ.

ಅವರು ರಿಟೈರ್ ಆದ ದಿನ ಸಂಜೆ ಡೆಸ್ಪ್ಯಾಚಿನಲ್ಲಿ ಸಮೋಸ, ಚಹಾ, ಒಂದು ಶಾಲು. ದೂರಿಗೆ ಸಹಿ ಹಾಕಿದ ಹನ್ನೊಂದು ಜನರೂ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಅವರು ಮಹಡಿ ಹತ್ತಿ ಗಾಜಿನ ಕೋಣೆಗೆ ಬಂದರು. ಚಪ್ಪಲಿ ಬಿಟ್ಟು, ಈ ಸಲ ಒಳಗೆ ಬಂದು, ಯಂತ್ರದ ಪಕ್ಕೆಗೆ ಕೈ ಇಟ್ಟು ಒಂದು ನಿಮಿಷ ನಿಂತರು. ಶಾಲಿನ ಒಳಗೆ ಅದೇ ಸ್ವೆಟರ್.

"ನಿಮಗೆ ಒಂದು ಪತ್ರ ಹಾಕಿದ್ದೆ ಸಾರ್" ಎಂದು ಹೇಗೋ ಶುರು ಮಾಡಿದೆ.

ಅವರ ಎರಡು ಬೆರಳು ಕನ್ನಡಕಕ್ಕೆ ಹೋಯಿತು. ಕನ್ನಡಕ ಹಣೆಗೇರಿತು. ಬರಿಗಣ್ಣಿನಿಂದ ನನ್ನ ಮುಖ ಇದ್ದ ಕಡೆಗೆ ನೋಡಿ ನಕ್ಕರು.

"ಮಗಳು ದೊಡ್ಡಾಕಿ ಆಗಿರಬೇಕಲ್ರಿ ಈಗ. ಬೆಂಗಳೂರಿಗೆ ಹೋಗಿಬಿಡ್ರಿ. ಬೊಂಬಾಯಿ ಸಾಕು" ಎಂದರು. ಬಾಗಿಲ ಹತ್ತಿರ ಕಾಲಿನಿಂದ ತಡಕಿ ಚಪ್ಪಲಿ ಹುಡುಕಿಕೊಂಡು, ಕಂಬಿ ಹಿಡಿದು ಮೆಟ್ಟಿಲಿಳಿದರು. ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಕನ್ನಡಕ ಕೆಳಗೆ ಇಳಿಸಲಿಲ್ಲ.

ಮಗಳ ವಿಷಯ ನಾನು ಆ ಆಫೀಸಿನಲ್ಲಿ ಶೆಟ್ಟರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆ ಪತ್ರದಲ್ಲಿ ಮಾತ್ರ ಬರೆದಿದ್ದೆ. ಶೆಟ್ಟರು ಹೇಳಿರಬಹುದು. ಶೆಟ್ಟರನ್ನು ಕೇಳಿದರೆ, ಹೇಳಿದೆನೋ ಇಲ್ಲವೋ ನೆನಪಿಲ್ಲ ಎನ್ನುತ್ತಾರೆ.

ಆ ಸಂಜೆ ಅವರು ಮೆಟ್ಟಿಲಿಳಿದು ಹೋದ ಮೇಲೆ ಯಂತ್ರದಲ್ಲಿ ಅವರ ಹೆಸರು ಹೊಡೆದು ನೋಡಿದೆ. ಡಬ್ಬಿ ಖಾಲಿ. ಕೊನೆಯ ಸಲ ತೆರೆದದ್ದು ಅದೇ ದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ತೆರೆದದ್ದು ಖರೆ, ಅಳಿಸಿದ್ದೂ ಖರೆ. ಕನ್ನಡಕ ಹಾಕಿಕೊಂಡು ತೆರೆದರೋ, ಹಣೆಗೇರಿಸಿಕೊಂಡು ತೆರೆದರೋ, ಅದನ್ನು ಬರೆದಿಡುವುದು ಆ ಯಂತ್ರಕ್ಕೆ ಗೊತ್ತಿರಲಿಲ್ಲ.